ಕೆಲಸಕ್ಕೆ ಹೋಗುವ ಹುಡುಗರಿಗೆ ಡಾನ್ ಬೋಸ್ಕೊ ಬಗ್ಗೆ ಏನು ಹೇಳಲಿ?

ಸಂಜೆಶಾಲೆ, ಬಳ್ಳಾರಿ:
ಕೌಲ್‌ಬಜಾರಿನಲ್ಲಿ ಸಂಜೆ ಪಾಠ ಹೇಳುತ್ತೇನೆ. ಹೆಚ್ಚಿನವರು ಹದಿನಾರು-ಹದಿನೇಳರ ಹುಡುಗರು. ಹಗಲೆಲ್ಲ ಜೀನ್ಸ್ ಹೊಲಿಯುವ ಕಡೆ ದುಡಿದು, ಬೆರಳಿಗೆ ಹತ್ತಿದ ನೀಲಿ ಬಣ್ಣದೊಂದಿಗೇ ಬಂದು ಕೂರುತ್ತಾರೆ. ಜನವರಿ 31, ಬಡ ಹುಡುಗರಿಗಾಗಿ ದುಡಿದ ಇಟಲಿಯ ಪಾದ್ರಿ ಸಂತ ಡಾನ್ ಬೋಸ್ಕೊ ಅವರ ಹಬ್ಬ. ಪವಾಡದ ಕಥೆಗಳಿಗೆ ಇವರು ಆಕಳಿಸುತ್ತಾರೆ. ಇವರಿಗೆ ನಾಟುವಂಥದ್ದು ಅವರ ಬದುಕಿನಲ್ಲಿ ಯಾವುದು?

ಓದುಗ, ಕೊಪ್ಪಳ:
1841ರ ಡಿಸೆಂಬರ್ 8. ಟ್ಯೂರಿನ್‌ನ ಚರ್ಚೊಂದರಲ್ಲಿ ಚಳಿಗೆ ಒಳಬಂದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು ಅಲ್ಲಿಯ ಸೇವಕ ಹೊಡೆದು ಅಟ್ಟಿದ. ಬೋಸ್ಕೊ ಅವನನ್ನು ವಾಪಸ್ ಕರೆಸಿದರು. ಓದು ಬರುವುದಿಲ್ಲ, ಹಾಡು ಬರುವುದಿಲ್ಲ ಎಂದವನನ್ನು 'ಸಿಳ್ಳೆ ಹಾಕಲು ಬರುತ್ತದೆಯೇ?' ಎಂದು ಕೇಳಿದರಂತೆ. ಹುಡುಗ ನಕ್ಕ. ಇದನ್ನು ಹೇಳಿ ನೋಡಿ.

ಟೇಲರ್, ಬಳ್ಳಾರಿ:
ತಂಗಿ, ಕರಾರು ಪತ್ರದ ಸಂಗತಿ ಹೇಳಿ. 1852ರಲ್ಲಿ ಹುಡುಗನೊಬ್ಬನನ್ನು ಬಡಗಿಯ ಬಳಿ ಬಿಡುವಾಗ ಬೋಸ್ಕೊ ಬಾಯಿಮಾತಿಗೆ ಒಪ್ಪಲಿಲ್ಲ, ಛಾಪಾ ಕಾಗದದ ಮೇಲೆ ಬರೆಸಿದರು. ಕಸುಬನ್ನು ಕಲಿಸಲೇಬೇಕು. ಕಸುಬಿಗೆ ಸಂಬಂಧಪಡದ ಚಾಕರಿ ಹೇಳಬಾರದು. ತಪ್ಪಿದರೆ ಮಾತಿನಲ್ಲಿ ತಿದ್ದಬೇಕು, ಕೈ ಎತ್ತಬಾರದು. ಹಬ್ಬದ ದಿನ ಪೂರ್ತಿ ಬಿಡುವು. ಯಜಮಾನನ ಜೊತೆ ಹುಡುಗನೂ ಸಹಿ ಹಾಕಿದ್ದ!

ನಾನು ದಾರ ಕತ್ತರಿಸುವ ಹುಡುಗನಾಗಿ ಸೇರಿದವನು. ಕಾಜಾ ಹೊಲಿಯುವುದನ್ನು ಕಲಿಯುವ ಮೊದಲು ಮಾಲೀಕರ ಮನೆಗೆ ಕೊಡಗಟ್ಟಲೆ ನೀರು ಹೊತ್ತಿದ್ದೇನೆ. ಆ ಚಾಕರಿಯ ಷರತ್ತು ಓದಿದಾಗ ಕಣ್ಣು ತುಂಬಿತು. ಬರೆದವರಿಗೆ ಹುಡುಗರ ಕಷ್ಟ ಗೊತ್ತಿತ್ತು. ಬಡತನದಲ್ಲಿ ಓದುವಾಗ ಟೇಲರ್ ಒಬ್ಬರ ಮನೆಯಲ್ಲಿದ್ದು ಬೋಸ್ಕೊ ಅವರೂ ಹೊಲಿಗೆ ಕಲಿತಿದ್ದರು. ಹೊರಗಿನ ಕಾರ್ಖಾನೆಗಳ ರೀತಿ ಸರಿಕಾಣದೆ 1853ರಲ್ಲಿ ತಮ್ಮಲ್ಲೇ ಹೊಲಿಗೆ, ಚಪ್ಪಲಿ ಕೆಲಸದ ಶಾಲೆ ತೆರೆದರು. ಪುಸ್ತಕ ಕಟ್ಟುವುದು, ಮುದ್ರಣ ಎಲ್ಲ ಆಮೇಲೆ ಬಂದವು.

ರಾಯಚೂರಿನಿಂದ:
ಬೋಸ್ಕೊ ಅವರ ತಾಯಿ ಮಾರ್ಗರೀಟಾರನ್ನು ಮರೆಯಬೇಡಿ. ಮಗನಿಗೆ ಎರಡು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. 1846ರಲ್ಲಿ ಹಳ್ಳಿ ಬಿಟ್ಟು ಟ್ಯೂರಿನ್‌ಗೆ ಬಂದು, ಸಾಯುವ ತನಕ ಹತ್ತು ವರ್ಷ ಮಗನ ಆಶ್ರಯದಲ್ಲಿದ್ದ ಹುಡುಗರಿಗೆ ಅಡುಗೆ ಮಾಡಿದರು, ಅಂಗಿಗೆ ತೇಪೆ ಹಾಕಿದರು. ತಮ್ಮ ಮದುವೆಯ ಒಡವೆ ವಸ್ತ್ರಗಳನ್ನೂ ಅಲ್ಲಿಯ ಖರ್ಚಿಗೇ ಕೊಟ್ಟರು.

ಸಂಜೆಶಾಲೆ, ಬಳ್ಳಾರಿ:
ಅಣ್ಣಾ, ಕರಾರು ಪತ್ರವನ್ನೇ ಆರಿಸಿದೆ. ಷರತ್ತುಗಳನ್ನು ಹಲಗೆಯ ಮೇಲೆ ಬರೆದು, ತಮ್ಮ ಕರಾರಿನಲ್ಲಿ ಏನೇನಿರಬೇಕೆಂದು ಹುಡುಗರಿಂದಲೇ ಬರೆಸುತ್ತೇನೆ. ಆ ಸಂಜೆ ನೀವೂ ಬಂದು ನೀರು ಹೊತ್ತ ಮಾತನ್ನು ಅವರಿಗೆ ಹೇಳಬೇಕು. ಏಳು ಗಂಟೆಗೆ ಶುರು.