ಸಹಾಯ ಬೇಕು: ಎತ್ತುವ ಯಂತ್ರ ಬೇಡವೆನ್ನುವ ರೋಗಿಗೆ ಏನು ಹೇಳಲಿ?

ನಮಸ್ಕಾರ. ನಾನು ಶುಶ್ರೂಷಕಿ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಹಿರಿಯರೊಬ್ಬರು ನಮ್ಮ ವಾರ್ಡಿನಲ್ಲಿದ್ದಾರೆ. ಕುರ್ಚಿಗೆ ಕೂರಿಸಲು ಯಂತ್ರ ತಂದರೆ, "ಮೂಟೆಯಂತೆ ನೇತುಹಾಕಬೇಡಿ, ಕೈಯಲ್ಲೇ ಎತ್ತಿ" ಎನ್ನುತ್ತಾರೆ. ಅವರ ಬುದ್ಧಿ ಚುರುಕಾಗಿದೆ. ಒಪ್ಪಿಗೆಯಿಲ್ಲದೆ ಯಂತ್ರದ ಪಟ್ಟಿ ಕಟ್ಟುವುದು ಅನ್ಯಾಯ. ಆದರೆ ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂಬ ಮಾರ್ಗಸೂಚಿಯಿದೆ. ಇಬ್ಬರು ಹಿಡಿದರೂ ಅದು ಮೀರುತ್ತದೆ. ಕಂಕುಳಿಗೆ ಕೈಹಾಕಿ ಎಳೆದರೆ ಅವರ ಸೋತ ಭುಜಕ್ಕೇ ಅಪಾಯ. ಕದಲಿಸದೆ ಬಿಟ್ಟರೆ ಒತ್ತಡದ ಹುಣ್ಣು.

ಹಾಸಿಗೆಯಲ್ಲಿ ಹೊರಳಿಸಲು ಸ್ಲೈಡ್ ಶೀಟ್ (ಮೈ ಸುಲಭವಾಗಿ ಜಾರುವಂತೆ ಕೆಳಗೆ ಹಾಸುವ ನುಣುಪು ಬಟ್ಟೆ) ಸಾಕು, ಅದಕ್ಕೆ ಅವರ ತಕರಾರಿಲ್ಲ. ತೊಡಕಿರುವುದು ಕುರ್ಚಿಯದು. ಬೇರೆ ಪಾಳಿಯವರು ಕನಿಕರದಿಂದ ಎತ್ತಿಬಿಡುತ್ತಾರೆ. ಬೆನ್ನು ಕಾಪಾಡಿಕೊಳ್ಳಲು ಒಲ್ಲೆ ಎಂದವಳು ಕಲ್ಲೆದೆಯವಳಾಗುತ್ತಾಳೆ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತಿದೆ.

ಯಂತ್ರದ ಬಗ್ಗೆ ರೋಗಿಗಿರುವ ಇಂಥ ಭಯವನ್ನು ಹೇಗೆ ಕಡಿಮೆ ಮಾಡಿದಿರಿ? ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿದರೆ, ಯಂತ್ರವನ್ನು ಮೊದಲು ಮುಟ್ಟಿ ನೋಡಲು ಬಿಟ್ಟರೆ ಉಪಯೋಗವಾಗುತ್ತದೆಯೇ? ಅವರ ನಿರಾಕರಣೆಯನ್ನು ದಾಖಲೆಯಲ್ಲಿ ಹೇಗೆ ಬರೆಯುತ್ತೀರಿ? ಎಲ್ಲ ಪಾಳಿಗಳೂ ಒಂದೇ ಕ್ರಮ ಪಾಲಿಸುವಂತೆ ಮಾಡಿದವರಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ. ಭೌತಚಿಕಿತ್ಸಕರ ಸಲಹೆಯೂ ಬೇಕು.