ತೋಟಕ್ಕೆ ಹೋಗೋ ತಲೆದೀಪ: ಚಿಕ್ಕಪ್ಪ ಕೇಳಿದ್ದಕ್ಕೆ ಉತ್ತರ

ಚಿಕ್ಕಪ್ಪ, ಎಲ್ಲರಿಗೂ ನಮಸ್ಕಾರ. ಟೈಪ್ ಮಾಡೋಕೆ ಕೂತರೆ ಇದು ಮುಗಿಯಲ್ಲ, ಅದಕ್ಕೇ ಮಾತಾಡೇ ಕಳಿಸ್ತಾ ಇದೀನಿ. ಉದ್ದ ಆಗತ್ತೆ, ಕೊಟ್ಟಿಗೆ ಕೆಲಸ ಎಲ್ಲ ಮುಗಿಸಿಕೊಂಡು ನಿಧಾನಕ್ಕೆ ಕೇಳಿ.

ನಿನ್ನೆ ನೀವು ಕೇಳಿದ್ದು, ಪೇಟೆಯಿಂದ ತಂದ ತಲೆ ಟಾರ್ಚ್ ಒಂದು ಮಳೆಗಾಲಕ್ಕೇ ಸತ್ತುಹೋಯ್ತು, ಬಿಸಿಲಲ್ಲಿ ಚಾರ್ಜ್ ಆಗೋ ಹಾಗೆ ನಾವೇ ಒಂದು ಮಾಡಿಕೊಳ್ಳಬಹುದಾ, ಎಷ್ಟು ದೊಡ್ಡ ಬ್ಯಾಟರಿ ಬೇಕು ಅಂತ. ಅದರ ಕೆಳಗೆ ನಮ್ಮ ಹುಡುಗರು ಯಾವುದೋ ಹತ್ತು ಸಾವಿರ ಲ್ಯೂಮೆನ್ (ಲ್ಯೂಮೆನ್ ಅಂದರೆ ಬೆಳಕಿನ ಅಳತೆ) ಅಂತ ಬರೆದಿರೋ ದೀಪದ ಫೋಟೋ ಹಾಕಿದಾರೆ. ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಆದರೆ ಬ್ಯಾಟರಿಯಿಂದ ಶುರು ಮಾಡಬೇಡಿ. ಬೆಳಕು ಎಷ್ಟು ಬೇಕು ಅನ್ನೋದರಿಂದ ಶುರು ಮಾಡಿ. ಅಲ್ಲಿ ಉಳಿಸಿದರೆ ಬ್ಯಾಟರಿ ಚಿಕ್ಕದಾಗತ್ತೆ, ಪ್ಯಾನಲ್ ಚಿಕ್ಕದಾಗತ್ತೆ, ತಲೆ ಮೇಲಿನ ಭಾರವೂ ಇಳಿಯತ್ತೆ.

ಮೊದಲು ಆ ಹಳೇದು ಯಾಕೆ ಸತ್ತಿತು ಅಂತ ಹೇಳಿಬಿಡ್ತೀನಿ. ಆ ಥರದ್ದರಲ್ಲಿ ಬಹುತೇಕ ಇರೋದು 4 ವೋಲ್ಟಿನ ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ಲೆಡ್ ಆಸಿಡ್‌ನ ಖಾಲಿ ಮಾಡಿ ಹಾಗೇ ಗೂಟಕ್ಕೆ ನೇತುಹಾಕಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿಕೊಳ್ಳತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯಲ್ಲ. ಖಾಲಿ ಆದಾಗ ತಾನಾಗೇ ನಿಲ್ಲಿಸೋ ಸರ್ಕ್ಯೂಟ್ ಅದರಲ್ಲಿ ಇರಲ್ಲ. ಇನ್ನೊಂದು ವಿಷಯ, ದೊಡ್ಡಮ್ಮ, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಗೋಡೆ ಪ್ಲಗ್ಗಿಗೆ ನೇರ ಚುಚ್ಚೋ ಅಗ್ಗದ ಟಾರ್ಚುಗಳಲ್ಲಿ ಎಷ್ಟೋ ಸಲ ಟ್ರಾನ್ಸ್‌ಫಾರ್ಮರೇ ಇರಲ್ಲ, ಒಂದು ಕೆಪಾಸಿಟರ್ ಹಾಕಿ 230 ವೋಲ್ಟನ್ನ ಇಳಿಸಿರ್ತಾರೆ. ಚಾರ್ಜಿಗೆ ಹಾಕಿದಾಗ ಒಳಗಿನ ಲೋಹದ ಭಾಗಕ್ಕೆಲ್ಲ ಮನೆ ಲೈನಿನ ಸಂಪರ್ಕ ಇದ್ದೇ ಇರತ್ತೆ. ಒದ್ದೆ ಕೈಯಲ್ಲಿ ಮುಟ್ಟಬಾರದು, ಚಾರ್ಜ್ ಆಗ್ತಾ ಇರುವಾಗ ಸ್ವಿಚ್ ಹಾಕಿ ನೋಡಬಾರದು. ಬಿಸಿಲಿನ ಪ್ಯಾನಲ್‌ನಲ್ಲಿ ಈ ಅಪಾಯವೇ ಇಲ್ಲ, 5 ವೋಲ್ಟ್ ಮುಟ್ಟಿದರೂ ಏನೂ ಆಗಲ್ಲ.

ಈಗ ಬೆಳಕು. ರಾತ್ರಿ ತ್ರೀ ಫೇಸ್ ಬಂದಾಗ ಪಂಪಿನ ಹತ್ತಿರ ಹೋಗೋಕೆ, ಕೊಟ್ಟಿಗೆಗೆ, ಅಡಿಕೆ ಸುಲಿಯೋಕೆ ಕೂರೋದಕ್ಕೆ, ಇಷ್ಟಕ್ಕೆ 40 ಲ್ಯೂಮೆನ್ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಆದರೆ ಎದುರು ಕೂತು ಸುಲಿಯುವವರ ಕಣ್ಣಿಗೆ ಹೊಡೆಯತ್ತೆ, ಅವರ ಕೈ ಇರೋದು ಮೆಟ್ಟುಗತ್ತಿ ಮೇಲೆ. ದೂರಕ್ಕೆ ಕಾಟಿ, ಹಂದಿ ನೋಡೋಕೆ ಕೈಯಲ್ಲಿ ಬೇರೆ ಟಾರ್ಚ್ ಇರಲಿ, ಆ ಕೆಲಸವನ್ನ ಈ ದೀಪದ ಮೇಲೆ ಹೇರಬೇಡಿ.

40 ಲ್ಯೂಮೆನ್‌ಗೆ ಎಷ್ಟು ಕರೆಂಟ್ ಬೇಕು? ಹಳೇ ಟಾರ್ಚ್ ಬಲ್ಬ್ ಒಂದು ವ್ಯಾಟಿಗೆ ಹತ್ತು ಲ್ಯೂಮೆನ್ ಆಸುಪಾಸು ಕೊಡ್ತಿತ್ತು. ಈಗಿನ ಒಳ್ಳೇ ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ 150 ಲ್ಯೂಮೆನ್ ಕೊಡತ್ತೆ. ಅಂದರೆ 40ಕ್ಕೆ ಕಾಲು ವ್ಯಾಟಿಗಿಂತ ಸ್ವಲ್ಪ ಹೆಚ್ಚು, ಸುಮಾರು 100 ಮಿಲಿ ಆಂಪ್ ಸಾಕು. ನಿಜವಾಗಿ ಅದರ ಒಳಗಿರೋದು ನೀಲಿ ಎಲ್‌ಇಡಿ, ಮೇಲೆ ಹಳದಿ ಬೆಳಕು ಹೊಮ್ಮಿಸೋ ಫಾಸ್ಫರ್ ಪುಡಿಯ ಲೇಪ, ಎರಡೂ ಸೇರಿ ಬಿಳಿ ಕಾಣತ್ತೆ. ಆ ನೀಲಿಯನ್ನ ಸಾಧಿಸಿದ ಅಕಸಾಕಿ, ಅಮಾನೋ, ನಕಾಮುರ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟರು. ಕರೆಂಟಿಲ್ಲದ ಊರಲ್ಲಿ ಬೆಳೆದ ನನಗಂತೂ ಅಷ್ಟು ಅರ್ಹವಾದ ನೊಬೆಲ್ ಇನ್ನೊಂದಿಲ್ಲ. ಈ ಎಲ್‌ಇಡಿಗೆ ಒಂದು ಗುಣ ಇದೆ. ಕಡಿಮೆ ಕರೆಂಟ್ ಕೊಟ್ಟಷ್ಟೂ ಒಂದೊಂದು ವ್ಯಾಟಿಗೆ ಜಾಸ್ತಿ ಬೆಳಕು ಕೊಡತ್ತೆ, ಒತ್ತಾಯ ಮಾಡಿದರೆ ಬಿಸಿಯಾಗಿ ವ್ಯರ್ಥ ಮಾಡತ್ತೆ. ಹಾಗಾಗಿ ಒಂದೇ ಎಲ್‌ಇಡಿಗೆ 100 ಮಿಲಿ ಆಂಪ್ ತುಂಬೋ ಬದಲು ಎರಡು ಹಾಕಿ, ಒಂದೊಂದಕ್ಕೆ 50 ಕೊಡಿ. 2835 ಅಂತ ಸೈಜ್ ನಂಬರ್ ಇರೋ ಚಪ್ಪಟೆ ಎಲ್‌ಇಡಿ, ಎಷ್ಟೋ ಮನೆ ಎಲ್‌ಇಡಿ ಬಲ್ಬಿನೊಳಗೆ ಇರೋದು ಅದೇ ಸೈಜು. ಹಳದಿ ಛಾಯೆಯ ವಾರ್ಮ್ ವೈಟ್ ತಗೊಳ್ಳಿ. ಬೆಳಕು ಒಂಚೂರು ಕಡಿಮೆ ಆದರೂ ಹುಳ ಮುತ್ತೋದು ಕಡಿಮೆ, ಮಳೆಗಾಲದ ಸಂಜೆ ಆ ವ್ಯತ್ಯಾಸ ಸಣ್ಣದಲ್ಲ.

ಇನ್ನು ಬ್ಯಾಟರಿ. ಲ್ಯಾಪ್‌ಟಾಪಿನ ಹಳೇ ಸೆಲ್ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರತ್ತೆ, ಅಂಗಡಿಯವರು ಎಲ್‌ಎಫ್‌ಪಿ ಅಂತಾರೆ. 18650 ಸೈಜು, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ, ತೂಕ 40 ಗ್ರಾಂ ಆಸುಪಾಸು. 3.2 ವೋಲ್ಟ್, 1500 ಮಿಲಿ ಆಂಪ್ ಅವರ್. ನಮ್ಮ ಎರಡು ಎಲ್‌ಇಡಿಗೆ 100 ಮಿಲಿ ಆಂಪ್ ಅಂದರೆ 15 ಗಂಟೆ ಉರಿಯತ್ತೆ. ದಿನಕ್ಕೆ ಮೂರು ಗಂಟೆ ಬಳಸಿದರೆ ಬಿಸಿಲೇ ಇಲ್ಲದೆ ಐದು ರಾತ್ರಿ. ಸಾವಿರಗಟ್ಟಲೆ ಸಲ ಚಾರ್ಜ್ ಮಾಡಬಹುದು, ಬಿಸಿಗೆ ಬೇಗ ಬೆಂಕಿ ಹಿಡಿಯೋ ಜಾತಿಯೂ ಅಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟ ಆದದ್ದು ಬೇರೆ. ಮಾಮೂಲಿ ಲಿಥಿಯಂ ಸೆಲ್ 4.2ರಿಂದ 3ರವರೆಗೆ ಇಳೀತಾ ಹೋಗತ್ತೆ. ಅದಕ್ಕೆ ಎಲ್‌ಇಡಿ ಜೋಡಿಸಿದರೆ ಹೆಚ್ಚಿನ ವೋಲ್ಟ್ ಎಲ್ಲ ಕರೆಂಟ್ ತಡೆಯೋ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗತ್ತೆ, ಇಲ್ಲಾ ಕರೆಂಟನ್ನ ಹತೋಟಿಯಲ್ಲಿಡೋ ಡ್ರೈವರ್ ಚಿಪ್ ಬೇಕಾಗತ್ತೆ. ಎಲ್‌ಎಫ್‌ಪಿ ಹಾಗಲ್ಲ. ಹೆಚ್ಚೂಕಡಿಮೆ ಖಾಲಿ ಆಗೋವರೆಗೂ 3.3, 3.2 ಅಂತ ಒಂದೇ ಮಟ್ಟದಲ್ಲಿ ನಿಂತಿರತ್ತೆ. ಬಿಳಿ ಎಲ್‌ಇಡಿಗೆ ಬೇಕಾದದ್ದು 2.9ರ ಹತ್ತಿರ. ನಡುವೆ ಉಳಿಯೋದು ಮೂರ್ನಾಲ್ಕು ದಶಾಂಶ ವೋಲ್ಟ್ ಅಷ್ಟೇ. ಅಲ್ಲಿ ಒಂದು ಬರೀ ರೆಸಿಸ್ಟರ್ ಹಾಕಿದರೆ ನೂರರಲ್ಲಿ ತೊಂಬತ್ತರಷ್ಟು ಶಕ್ತಿ ಎಲ್‌ಇಡಿಗೇ ಹೋಗತ್ತೆ. ದುಡ್ಡು ಕೊಟ್ಟು ತರೋ ಡ್ರೈವರ್ ಬೋರ್ಡ್ ಕೂಡ ಇದಕ್ಕಿಂತ ಹೆಚ್ಚೇನೂ ಉಳಿಸಲ್ಲ, ಕೆಟ್ಟುಹೋಗೋಕೆ ಒಂದು ವಸ್ತು ಜಾಸ್ತಿ ಆಗತ್ತೆ ಅಷ್ಟೇ. ಇನ್ನೂ ಚೆಂದ ಏನು ಅಂದರೆ, ಸೆಲ್ ಇಳಿದು 2.6 ವೋಲ್ಟ್ ಮುಟ್ಟುವ ಹೊತ್ತಿಗೆ ಎಲ್‌ಇಡಿ ಕರೆಂಟ್ ಎಳೆಯೋದನ್ನೇ ಹೆಚ್ಚೂಕಡಿಮೆ ನಿಲ್ಲಿಸಿಬಿಡತ್ತೆ. ಈ ಸೆಲ್ಲನ್ನ 2.5ಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ರಾತ್ರಿ ಆರಿಸೋಕೆ ಮರೆತು ಮಲಗಿದರೂ ಬೆಳಿಗ್ಗೆ ದೀಪ ಮಂಕಾಗಿರತ್ತೆ, ಸೆಲ್ ಉಳಿದಿರತ್ತೆ. ವಾರಗಟ್ಟಲೆ ಹಾಗೇ ಬಿಡಬೇಡಿ, ಅದು ಬೇರೆ ಮಾತು.

ರೆಸಿಸ್ಟರ್ ಲೆಕ್ಕ: ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಹಾಕಿ, 6.8 ಓಮಿನಿಂದ ಶುರು ಮಾಡಿ. ಎಲ್‌ಇಡಿಯಿಂದ ಎಲ್‌ಇಡಿಗೆ ಸ್ವಲ್ಪ ವ್ಯತ್ಯಾಸ ಇರತ್ತೆ, ಮಲ್ಟಿಮೀಟರ್ ಇಟ್ಟು 50 ಮಿಲಿ ಆಂಪ್ ಬರೋ ಹಾಗೆ 4.7 ಮತ್ತು 10ರ ನಡುವೆ ಬದಲಾಯಿಸಿ. ಮಂದ ಬೆಳಕಿಗೆ ಅಂತ ಇನ್ನೊಂದು ದಾರಿಯಲ್ಲಿ 47 ಓಮ್ ಹಾಕಿ ಒಂದೇ ಎಲ್‌ಇಡಿಗೆ 10 ಮಿಲಿ ಆಂಪ್ ಹೋಗೋ ಹಾಗೆ ಮಾಡಿ, ಮನೆಯೊಳಗೆ ಓಡಾಡೋಕೆ ಅಷ್ಟು ಸಾಕು, 150 ಗಂಟೆ ಬರತ್ತೆ. ಸೆಲ್ಲಿನ ಪಕ್ಕದಲ್ಲೇ ಒಂದು 1 ಆಂಪಿಯರ್ ಫ್ಯೂಸ್ ಇರಲೇಬೇಕು. ಸೆಲ್ ಮೇಲೆ ನೇರ ಬೆಸುಗೆ ಹಾಕಬಾರದು, ಪಟ್ಟಿ ಇರೋ ಸೆಲ್ ಸಿಗತ್ತೆ, ಇಲ್ಲಾ ಹೋಲ್ಡರ್ ತಗೊಳ್ಳಿ.

ಸ್ವಿಚ್ ಬಗ್ಗೆ ಒಂದು ಮಾತು. ನಮ್ಮ ಕಡೆ ದೀಪ ಹಾಳಾಗೋದರಲ್ಲಿ ಅರ್ಧ ಸ್ವಿಚ್ಚಿನಿಂದ. ಜೂನ್ ತಿಂಗಳ ತೇವಕ್ಕೆ ಒಳಗಿನ ತಗಡು ಹಸಿರು ಹಿಡಿದುಬಿಡತ್ತೆ. ರೀಡ್ ಸ್ವಿಚ್ ಹಾಕಿ. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತಂತಿ ಇರತ್ತೆ, ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳತ್ತೆ. ಡಬ್ಬಿ ಒಳಗೆ ಎರಡು ರೀಡ್, ಜೋರು ಬೆಳಕಿಗೆ ಒಂದು, ಮಂದಕ್ಕೆ ಒಂದು, ಹೊರಗೆ ಜಾರೋ ಒಂದು ಪುಟ್ಟ ಆಯಸ್ಕಾಂತ. ಸ್ವಿಚ್ಚಿಗೆ ಅಂತ ಡಬ್ಬಿಗೆ ತೂತೇ ಬೇಡ, ಅಲ್ಲಿಂದ ನೀರು ಹೋಗೋಕೆ ದಾರಿಯೇ ಇಲ್ಲ. ಬೆಸುಗೆ ಮಾಡಿದ ಮೇಲೆ ಬೋರ್ಡಿಗೆ ಬಣ್ಣ ಇಲ್ಲದ ನೇಲ್ ಪಾಲಿಶ್ ಎರಡು ಕೈ ಬಳೀರಿ. ಡಬ್ಬಿ ಮುಚ್ಚೋಕೆ ಸಿಲಿಕೋನ್ ತಗೊಳ್ಳುವಾಗ ವಿನೆಗರ್ ವಾಸನೆ ಬರೋದು ಬೇಡ. ಅದು ಒಣಗುವಾಗ ಬಿಡೋ ಆಸಿಡ್ ತಾಮ್ರವನ್ನ ತಿನ್ನತ್ತೆ. ನ್ಯೂಟ್ರಲ್ ಅಂತ ಬರೆದಿರೋದನ್ನೇ ಕೇಳಿ ತನ್ನಿ.

ಬಿಸಿಲಿನ ಕಡೆಗೆ ಬರೋಣ. ಪ್ಯಾನಲ್ಲನ್ನ ತಲೆದೀಪದ ಮೇಲೇ ಅಂಟಿಸಬೇಡಿ. ಚಾರ್ಜ್ ಆಗಬೇಕು ಅಂತ ಬಿಸಿಲಲ್ಲಿ ಇಟ್ಟರೆ ಸೆಲ್ಲೂ ಬೇಯತ್ತೆ, 45 ಡಿಗ್ರಿ ಮೇಲೆ ಚಾರ್ಜ್ ಮಾಡೋದು ಒಳ್ಳೇದಲ್ಲ. ಪ್ಯಾನಲ್ ಹೆಂಚಿನ ಮೇಲೆ, ದೀಪ ಜಗಲಿ ನೆರಳಲ್ಲಿ, ನಡುವೆ ಎರಡು ತಂತಿ. ದೀಪದ ಡಬ್ಬಿಗೆ ಸ್ಟೇನ್‌ಲೆಸ್ ಸ್ಟೀಲಿನ ಎರಡು ಸ್ಕ್ರೂ, ಅದಕ್ಕೆ ಕ್ರೊಕಡೈಲ್ ಕ್ಲಿಪ್ ಕಚ್ಚಿಸಿದರೆ ಆಯ್ತು. ಒಳಗೆ 1ಎನ್ 5819 ಅನ್ನೋ ಡಯೋಡ್ ಹಾಕಿ, ಅದು ಕರೆಂಟನ್ನ ಒಂದೇ ದಿಕ್ಕಿಗೆ ಬಿಡತ್ತೆ, ಹಾಗಾಗಿ ಕ್ಲಿಪ್ ಅದಲುಬದಲು ಆದರೂ, ಸ್ಕ್ರೂಗಳಿಗೆ ಕತ್ತಿ ತಾಗಿದರೂ ಸೆಲ್ಲಿಗೆ ಏನೂ ಆಗಲ್ಲ.

ಪ್ಯಾನಲ್ 5 ವೋಲ್ಟ್, 2 ವ್ಯಾಟ್. ಮೇಲಿನ ಪಟ್ಟಿಗಳನ್ನ ಎಣಿಸಿ, ಹತ್ತು ಇರಬೇಕು. ಒಂದೊಂದು ಪಟ್ಟಿ ಅರ್ಧ ವೋಲ್ಟ್ ಕೊಡತ್ತೆ, ಬಿಸಿಲಿಗೆ ಕಾದಾಗ ಇನ್ನೂ ಸ್ವಲ್ಪ ಇಳಿಯತ್ತೆ. 12 ವೋಲ್ಟಿನದು ದೊಡ್ಡದು ಅಂತ ತಂದರೆ ನೇರ ಜೋಡಿಸಿದಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ದಂಡ. ಬೇಸಿಗೆಗೆ 1 ವ್ಯಾಟೇ ಸಾಕಿತ್ತು. ನಾನು 2 ಹೇಳ್ತಿರೋದು ಆಷಾಢಕ್ಕೆ. ಮೋಡದಲ್ಲಿ ವೋಲ್ಟ್ ಅಷ್ಟಾಗಿ ಇಳಿಯಲ್ಲ, ಕರೆಂಟ್ ಬಿದ್ದುಹೋಗತ್ತೆ. ಬಿಡದೆ ಹೊಯ್ಯೋ ದಿನ ಐದರಲ್ಲಿ ಒಂದು ಪಾಲು ಬರತ್ತೆ ಅಂತ ಹಿಡಿದುಕೊಂಡರೂ ಮೂರು ಗಂಟೆಯ ಬೆಳಕು ಆ ದಿನದ್ದೇ ಆ ದಿನ ಹುಟ್ಟತ್ತೆ. ಮಳೆಗಾಲದಲ್ಲಿ ಪ್ಯಾನಲ್ಲನ್ನ ದಕ್ಷಿಣಕ್ಕೆ ತುಂಬಾ ಓರೆ ಮಾಡಬೇಡಿ, ನೀರು ಜಾರುವಷ್ಟು ಓರೆ ಸಾಕು, ಮೋಡದ ಬೆಳಕು ಇಡೀ ಆಕಾಶದಿಂದ ಬರೋದು. ಆಮೇಲೆ ಅಡಿಕೆ ಸೋಗೆಯ ನೆರಳು. ಒಂದು ಎಳೆ ನೆರಳು ಒಂದೇ ಪಟ್ಟಿ ಮೇಲೆ ಬಿದ್ದರೂ ಸಾಲಾಗಿ ಜೋಡಿಸಿದ ಹತ್ತೂ ಪಟ್ಟಿಯ ಕರೆಂಟ್ ಅದೇ ಮಟ್ಟಕ್ಕೆ ಇಳಿಯತ್ತೆ. ತೋಟದ ಅಂಚಿನ ಮನೆಯವರು ಮಧ್ಯಾಹ್ನ ಒಂದು ಸಲ ಹೋಗಿ ನೋಡಿ.

ಓವರ್‌ಚಾರ್ಜ್ ತಡೆಯೋದು ಹೇಗೆ ಅಂತ ಕೇಳಿದ್ರಿ. ಎಲ್ಲರೂ ಹೇಳೋ ಟಿಪಿ 4056 ಚಾರ್ಜಿಂಗ್ ಬೋರ್ಡ್ ಇದಕ್ಕೆ ಬೇಡವೇ ಬೇಡ. ಅದು 4.2 ವೋಲ್ಟ್‌ವರೆಗೆ ತುಂಬತ್ತೆ, ನಮ್ಮ ಸೆಲ್ಲಿನ ಮಿತಿ 3.6. ಟಿಎಲ್ 431 ಅಂತ ವೋಲ್ಟ್ ಕಾಯೋ ಮೂರು ಕಾಲಿನ ಐಸಿ ಇದೆ, ತುಂಬಾ ಅಗ್ಗ, ಜೊತೆಗೆ BD140 ಅನ್ನೋ ಒಂದು ಟ್ರಾನ್ಸಿಸ್ಟರ್. 5.1 ಕಿಲೋ ಓಮ್ ರೆಸಿಸ್ಟರ್ ಮೇಲೆ, 10 ಕಿಲೋ ಓಮಿನದು ಕೆಳಗೆ ಹಾಕಿದರೆ ಪ್ಯಾನಲ್ ವೋಲ್ಟ್ 3.77ಕ್ಕೆ ನಿಲ್ಲತ್ತೆ. ಡಯೋಡ್‌ನಲ್ಲಿ ಸ್ವಲ್ಪ ಕಳೆದು ಸೆಲ್ಲಿಗೆ 3.6ರ ಹತ್ತಿರ ತಲುಪತ್ತೆ. ಕೆರೆ ತುಂಬಿದ ಮೇಲೆ ಕೋಡಿ ಹರಿಯೋ ಹಾಗೆ ಹೆಚ್ಚಿನದೆಲ್ಲ ಟ್ರಾನ್ಸಿಸ್ಟರ್ ಮೂಲಕ ಪಕ್ಕಕ್ಕೆ ಹೋಗತ್ತೆ. ಅದು ಒಂದೂವರೆ ವ್ಯಾಟಿನಷ್ಟು ಬಿಸಿಯಾಗತ್ತೆ, ಬೆನ್ನಿಗೆ ಅಲ್ಯೂಮಿನಿಯಂ ತುಂಡು ಸ್ಕ್ರೂ ಮಾಡಿ. ಇದೆಲ್ಲ ಪ್ಯಾನಲ್ ಹಿಂದೆ ಇರಲಿ, ಡಯೋಡಿನಿಂದ ಪ್ಯಾನಲ್ ಕಡೆಗೆ ಇರೋದರಿಂದ ರಾತ್ರಿ ಸೆಲ್ಲಿನಿಂದ ಹನಿಯೂ ಎಳೆಯಲ್ಲ. ಸರ್ಕ್ಯೂಟ್ ಚಿತ್ರ ಬರೆದು ಹಾಕ್ತೀನಿ.

ಕೊನೇದು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ದೀಪವನ್ನ ಪಟ್ಟಿಯಿಂದ ಬಿಚ್ಚಿ ಸೊಂಟಕ್ಕೆ ಸಿಕ್ಕಿಸೋ ಹಾಗೆ ಮಾಡಿ. ಹಣೆ ಮೇಲಿನ ಬೆಳಕು ಕಣ್ಣಿನ ನೇರಕ್ಕೇ ಹೋಗತ್ತೆ, ವಸ್ತುವಿನ ನೆರಳು ಅದರ ಹಿಂದೆಯೇ ಅಡಗಿಬಿಡತ್ತೆ, ನೆಲ ಚಪ್ಪಟೆಯಾಗಿ ಕಾಣತ್ತೆ. ಒಣ ಸೋಗೆ ಮೇಲೆ ಕೊಳಕುಮಂಡಲ ಹಾವು ಸುತ್ತಿಕೊಂಡಿದ್ದರೆ ಗೊತ್ತೇ ಆಗಲ್ಲ. ಸೊಂಟದಿಂದ ಬೆಳಕು ಬಿದ್ದರೆ ಒಂದು ಕಡ್ಡಿಗೂ ಉದ್ದ ನೆರಳು ಬರತ್ತೆ, ಉಬ್ಬಿದ್ದು ಎದ್ದು ಕಾಣತ್ತೆ. ಮಳೆಹನಿ, ಮಂಜು ಇದ್ದಾಗಲೂ ಹಣೆ ಬೆಳಕು ವಾಪಸ್ ಕಣ್ಣಿಗೇ ಬರೋದು. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ 58,000, ಅಂತ 2020ರ ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಅರ್ಧ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಕರ್ನಾಟಕ ಸರ್ಕಾರವೇ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸುಲಿಯುವಾಗ ಹಣೆಗೆ, ನಡೆಯುವಾಗ ಸೊಂಟಕ್ಕೆ, ಕಾಲಿಗೆ ಗಂಬೂಟು. ಮಕ್ಕಳಿಗೂ ಹಾಗೇ ಅಭ್ಯಾಸ ಮಾಡಿಸಿ.

ಸಾಮಾನೆಲ್ಲ ಬೆಂಗಳೂರು ಎಸ್‌ಪಿ ರೋಡಿನಲ್ಲಿ ಸಿಗತ್ತೆ, ನಾಲ್ಕೈದು ಮನೆ ಸೇರಿ ತರಿಸಿದರೆ ಒಳ್ಳೇದು. ಆನ್‌ಲೈನಲ್ಲಿ 9900 ಮಿಲಿ ಆಂಪ್ ಅವರ್ ಅಂತ ಬರೆದಿರೋ 18650 ಕಂಡರೆ ಮುಟ್ಟಬೇಡಿ, ಆ ಸೈಜಿನಲ್ಲಿ ಅದರ ಅರ್ಧ ತುಂಬಿಸೋ ಸೆಲ್ಲೂ ಇಲ್ಲ. ಚಿಕ್ಕಪ್ಪ, ದುಡ್ಡು ಕೊಡೋ ಮುಂಚೆ ಸೆಲ್ಲಿನ ಲೇಬಲ್ ಫೋಟೋ ಇಲ್ಲೇ ಹಾಕಿ, 3.2 ವೋಲ್ಟ್ ಅಂತ ಇದೆಯಾ ನೋಡಿ ಹೇಳ್ತೀನಿ.