ಎರಡು ವರ್ಷದಿಂದ ಸುದ್ದಿಯಿಲ್ಲದ ಗೆಳತಿಗೆ ಇಂಗ್ಲಿಷಿನಲ್ಲಿ ಏನಂತ ಮೆಸೇಜ್ ಮಾಡೋದು?

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್ ಕಡೆಯ ಹುಡುಗಿಯೊಬ್ಬಳು ನಮ್ಮ ಬೆಂಗಳೂರು ಆಫೀಸಿನಲ್ಲಿ ಆರು ತಿಂಗಳು ಇದ್ದಳು. ತುಂಬಾ ಹತ್ತಿರವಾಗಿದ್ದೆವು. ವಾಪಸ್ ಹೋದ ಮೇಲೆ ಎರಡು ವರ್ಷದಿಂದ ಮಾತೇ ಇಲ್ಲ. ಜಗಳ ಏನಿಲ್ಲ, ಸುಮ್ನೆ ಹಾಗೇ ಬಿಟ್ಟುಹೋಯಿತು. ‘ಐ ಹೋಪ್ ದಿಸ್ ಮೆಸೇಜ್ ಫೈಂಡ್ಸ್ ಯು ವೆಲ್’ ಎಂದು ಬರೆದು ಅಳಿಸಿದೆ. ಬ್ಯಾಂಕಿನ ಪತ್ರದ ಥರ ಇತ್ತು. ಹೇಗೆ ಶುರು ಮಾಡಲಿ?

ಉತ್ತರ: ‘ಹಾಗೇ ಬಿಟ್ಟುಹೋಯಿತು’ ಅಂದಿರಲ್ಲ, ಅದಕ್ಕೆ ‘ವಿ ಲಾಸ್ಟ್ ಟಚ್’ ಅನ್ನುತ್ತಾರೆ. ಅಪ್ಪಿತಪ್ಪಿಯೂ ‘ವಿ ಫೆಲ್ ಔಟ್’ ಅನ್ನಬೇಡಿ. ಅದು ಜಗಳ ಆಡಿ ದೂರವಾದವರ ಮಾತು. ನಾನು ಒಮ್ಮೆ ಹಾಗಂದುಬಿಟ್ಟೆ, ತಪ್ಪು ಯಾರದು ಎಂದು ಆಫೀಸೆಲ್ಲ ವಿಚಾರಣೆ ನಡೆಯಿತು! ಶುರು ಮಾಡೋಕೆ ‘ಐ ಹ್ಯಾವ್ ಬೀನ್ ಮೀನಿಂಗ್ ಟು ಮೆಸೇಜ್ ಯು ಫಾರ್ ಏಜಸ್’ ಸಾಕು. ಬರೀಬೇಕು ಬರೀಬೇಕು ಅಂದ್ಕೊಂಡೇ ಇಷ್ಟು ದಿನ ಆಯ್ತು ಅಂತ.

ಇನ್ನೊಬ್ಬರು: ಮ್ಯಾಂಚೆಸ್ಟರ್‌ಗೆ ಹೋದ ಹೊಸದರಲ್ಲಿ ಪಕ್ಕದ ಮನೆಯವರು ‘ವಿ ಮಸ್ಟ್ ಕ್ಯಾಚ್ ಅಪ್ ಸಮ್‌ಟೈಮ್’ ಅಂದರು, ಯಾವಾಗಲಾದರೂ ಸಿಕ್ಕಿ ಮಾತಾಡೋಣ ಅಂತ. ಶನಿವಾರ ಬರಬಹುದು ಅಂತ ನಾನೇ ಲೆಕ್ಕ ಹಾಕಿ, ಮನೆ ಗುಡಿಸಿ, ಉಪ್ಪಿಟ್ಟಿಗೆ ರವೆ ಹುರಿದಿಟ್ಟುಕೊಂಡು ಕಾದೆ. ಯಾರೂ ಬರಲಿಲ್ಲ. ಉಪ್ಪಿಟ್ಟು ಮೂರು ದಿನ ನಾನೇ ತಿಂದೆ. ಆಮೇಲೆ ಹೊಳೆಯಿತು: ನಾವೂ ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ‘ಒಂದ್ಸಲ ಮನೆ ಕಡೆ ಬನ್ನಿ’ ಅಂತೀವಿ, ಅಲ್ವಾ? ಇದೂ ಅದೇ. ದಿನ, ಹೊತ್ತು ಹೇಳಿದರೆ ಮಾತ್ರ ಕರೆದ ಹಾಗೆ. ಅದಕ್ಕೇ ನೀವು ‘ಆರ್ ಯು ಫ್ರೀ ಫಾರ್ ಎ ಕಾಲ್ ಆನ್ ಸಂಡೇ?’ ಎಂದು ನೇರ ಕೇಳಿ. ಹೊತ್ತು ನೋಡಿಕೊಳ್ಳಿ. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ.

ಅಮೆರಿಕದಿಂದ: ಇಲ್ಲಿ ಯಾರಾದರೂ ‘ರೇನ್ ಚೆಕ್’ ಕೇಳಿದರೆ ಕೊಡೆ ಹುಡುಕಬೇಡಿ. ಮಳೆಗೆ ಬೇಸ್‌ಬಾಲ್ ಪಂದ್ಯ ನಿಂತರೆ ಇನ್ನೊಂದು ದಿನ ಬರೋಕೆ ಕೊಡುತ್ತಿದ್ದ ಚೀಟಿ ಅದು. ಈಗ ‘ಇವತ್ತಾಗಲ್ಲ, ಇನ್ನೊಂದಿನ ಸಿಗೋಣ’ ಅಂತ ಅರ್ಥ. ಇನ್ನು ನಮ್ಮ ‘ಔಟ್ ಆಫ್ ಸ್ಟೇಷನ್’ ಇಲ್ಲಿ ನಡೆಯಲ್ಲ. ಊರಲ್ಲಿಲ್ಲ ಅನ್ನೋಕೆ ‘ಔಟ್ ಆಫ್ ಟೌನ್’ ಅನ್ನಿ.

ಮತ್ತೊಬ್ಬರು: ಅವಳು ‘ಹಲೋ, ಸ್ಟ್ರೇಂಜರ್!’ ಅಂದರೆ ಗಾಬರಿ ಆಗಬೇಡಿ. ‘ಏನ್ರೀ, ಅಪರೂಪ ಆಗ್ಬಿಟ್ರಿ’ ಅನ್ನೋದು ಅದು. ಮಾತು ಮುಗಿಸುವಾಗ ‘ಡೋಂಟ್ ಬಿ ಎ ಸ್ಟ್ರೇಂಜರ್’ ಅಂದರೆ, ಮರೀಬೇಡ, ಆಗಾಗ ಮಾತಾಡ್ತಿರು ಅಂತ.

ಪ್ರಶ್ನೆ ಕೇಳಿದವರು: ಕಳಿಸಿದೆ! ಗಾಂಧಿ ಬಜಾರಿನಲ್ಲಿ ದೋಸೆಗೆ ಕ್ಯೂ ನಿಂತು ಇಬ್ಬರೂ ಮಳೆಯಲ್ಲಿ ನೆನೆದಿದ್ದನ್ನೂ ಒಂದು ಸಾಲು ಬರೆದೆ. ಹತ್ತೇ ನಿಮಿಷಕ್ಕೆ ‘ಹಲೋ, ಸ್ಟ್ರೇಂಜರ್!’ ಬಂತು. ಆದರೆ ಕೊನೆಯಲ್ಲಿ ಬರೀ ‘ಎಕ್ಸ್’ ಅಂತ ಒಂದಕ್ಷರ ಇದೆ. ನನ್ನ ಇಂಗ್ಲಿಷ್ ತಪ್ಪು ಅಂತಾನಾ?

ಮ್ಯಾಂಚೆಸ್ಟರ್‌ನವರು: ತಪ್ಪಿನ ಗುರುತಲ್ಲ ಮಾರಾಯ್ತಿ, ಮುತ್ತು! ಬ್ರಿಟನ್ನಿನಲ್ಲಿ ಗೆಳತಿಯರ ಮಧ್ಯೆ ಅದು ಮಾಮೂಲು. ನೀವೂ ಒಂದು ಹಾಕಿ ಕಳಿಸಿ. ಆಫೀಸಿನ ಬಾಸ್‌ಗೆ ಮಾತ್ರ ಬೇಡ.